ಕಾರಿನೊಳಗಿನ ದುರ್ವಾಸನೆ

ಭತ್ತದ ಕೊಯ್ಲು ಮುಗಿದೊಡನೆ ಗದ್ದೆಯ ಇಲಿಗಳು ಹೊಸ ಆಸರೆ ಹುಡುಕುತ್ತವೆ. ಸಾಸ್ವೆಹಳ್ಳಿಯ ಮನೆಯಂಗಳದಲ್ಲಿ ವಾರಗಟ್ಟಲೆ ನಿಂತಿದ್ದ ನಮ್ಮ ಕಾರಿನ ಗಾಳಿಕಿಂಡಿಗಳಿಂದ ಕೊಳೆತ ನಾತ ಬರತೊಡಗಿದಾಗ ನಾವು ಸುಗಂಧದ ಡಬ್ಬಿ ತಂದಿಟ್ಟೆವು. ವಾಸನೆ ಎರಡಾಯಿತು, ಅಷ್ಟೆ. ಕೊನೆಗೆ ಡ್ಯಾಶ್‌ಬೋರ್ಡಿನ ಖಾನೆಯ ಹಿಂದಿರುವ ಗಾಳಿ ಫಿಲ್ಟರನ್ನು ಹೊರತೆಗೆಸಿದರೆ ಹುಲ್ಲು, ಹೊಟ್ಟು, ಸತ್ತ ಇಲಿ! ಕೈಗವಸು ತೊಟ್ಟು, ಸೋಂಕುನಾಶಕ ಸಿಂಪಡಿಸಿ ಸ್ವಚ್ಛಗೊಳಿಸಿ, ಹೊಸ ಫಿಲ್ಟರ್ ಹಾಕಿಸಿದೆವು.

ಮುಗ್ಗಲು ವಾಸನೆಯಾದರೆ ಕಾರಣ ಬೇರೆ. ಎ.ಸಿ.ಯ ಒಳಸುರುಳಿಯಲ್ಲಿ ತೇವ ನಿಂತು ಬೂಷ್ಟು ಬೆಳೆದಿರುತ್ತದೆ. ನೀರು ಹೊರಹೋಗುವ ಕೊಳವೆ ಕಟ್ಟಿದೆಯೇ ಎಂದು ನೋಡಿಸಬೇಕು. ಊರು ತಲುಪುವ ಐದು ನಿಮಿಷ ಮೊದಲೇ ಎ.ಸಿ. ನಿಲ್ಲಿಸಿ ಬರಿಯ ಫ್ಯಾನ್ ಬಿಟ್ಟರೆ ತೇವ ಆರುತ್ತದೆ.

ಹೊಗೆಯ ವಾಸನೆಯನ್ನು ಮಾತ್ರ ಕ್ಷಣವೂ ಸಹಿಸಕೂಡದು. ಅದರೊಡನೆ ಬರುವ ಕಾರ್ಬನ್ ಮಾನಾಕ್ಸೈಡ್ ವಿಷಾನಿಲಕ್ಕೆ ತನ್ನದೇ ವಾಸನೆಯಿಲ್ಲ. ಕಾರು ನಿಲ್ಲಿಸಿ, ಮೊದಲು ಮಕ್ಕಳನ್ನು ಕೆಳಗಿಳಿಸಿರಿ. ಮೆಕ್ಯಾನಿಕ್ಕನನ್ನು ಆಮೇಲೆ ಕರೆಯಿರಿ.