ಊರೊಳಗಿನ ಹೆಸರು ಮರೆತ ಡಾಕರ್

ಕಂಟೇನರ್ ಇಮೇಜ್ ಬಿಲ್ಡ್ ಆಗುವಾಗ ಹೊರಜಗತ್ತಿನ ಸರ್ವರ್‌ಗಳೆಲ್ಲ ಸಿಗುತ್ತವೆ. ಕಚೇರಿಯದೇ ಪ್ಯಾಕೇಜ್ ಸರ್ವರ್‌ನ ಹೆಸರು ಬಂದಾಗ ಮಾತ್ರ ಹೋಸ್ಟ್ ಸಿಗಲಿಲ್ಲವೆಂದು ಕೆಲಸ ನಿಲ್ಲುತ್ತದೆ. ಅದೇ ಯಂತ್ರದ ಟರ್ಮಿನಲ್‌ನಲ್ಲಿ ಕೇಳಿದರೆ ವಿಳಾಸ ಥಟ್ಟನೆ ಬರುತ್ತದೆ!

ಈ ತೊಡಕಿನ ಬೇರು 127ರಿಂದ ಶುರುವಾಗುವ ವಿಳಾಸಗಳಲ್ಲಿದೆ. ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ಹೆಸರು ಹುಡುಕುವ ಕೆಲಸ ಯಂತ್ರದೊಳಗಿನ ಒಂದು ಸೇವೆಯದು; ಈಚಿನವುಗಳಲ್ಲಿ ಅದು ಸಿಸ್ಟಮ್‌ಡಿಯ ಸೇವೆ, ಅದರ ವಿಳಾಸ 127.0.0.53. ಕಂಟೇನರ್‌ನ ನೆಟ್‌ವರ್ಕ್ ಪ್ರತ್ಯೇಕವಾದ್ದರಿಂದ ಒಳಗಿನಿಂದ ಆ ವಿಳಾಸಕ್ಕೆ ಕೇಳಿದರೆ ಪ್ರಶ್ನೆ ಕಂಟೇನರ್‌ಗೇ ಮರಳುತ್ತದೆ. ಹಾಗಾಗಿ 2013ರಲ್ಲಿ ಬಂದ ಕಂಟೇನರ್ ತಂತ್ರಾಂಶ ಡಾಕರ್ ಇಂಥ ವಿಳಾಸಗಳನ್ನು ಕಿತ್ತುಹಾಕಿ, ಬೇರೇನೂ ಉಳಿಯದಿದ್ದರೆ ಗೂಗಲ್‌ನ 8.8.8.8 ಅನ್ನು ಕೂರಿಸುವ ರೂಢಿ ಹಿಡಿಯಿತು. ಕಚೇರಿಯೊಳಗಿನ ಹೆಸರು ಗೂಗಲ್‌ಗೆ ಹೇಗೆ ಗೊತ್ತಾಗಬೇಕು? ಸಿಸ್ಟಮ್‌ಡಿ ಬೇರೆಡೆ ಇಟ್ಟಿರುವ ಅಸಲಿ ಸರ್ವರ್ ಪಟ್ಟಿಯನ್ನು ಓದಲು ಡಾಕರ್ ಆಮೇಲೆ ಕಲಿಯಿತು. ಆದರೂ ಕಚೇರಿಯ ಜಾಲವನ್ನು ವಿಪಿಎನ್ ಮೂಲಕ ಸೇರಿದ್ದರೆ, ಯಾವ ಹೆಸರನ್ನು ಅದರ ಸರ್ವರ್‌ಗೆ ಕೇಳಬೇಕೆಂಬ ವಿವರ ಆ ಪಟ್ಟಿಯಲ್ಲಿಲ್ಲ.

ಆಗ ಬಹಳಷ್ಟು ಮಂದಿ 'ಆಡ್-ಹೋಸ್ಟ್' ಎಂದು ಬಿಲ್ಡ್ ಆಜ್ಞೆಯಲ್ಲೇ ಹೆಸರು, ವಿಳಾಸ ಬರೆದುಬಿಡುತ್ತಾರೆ. ನನಗೆ ಬೇಸರವಾಗುವುದು ಇಲ್ಲಿ. ಏಕೆಂದರೆ ಈ ಪದ್ಧತಿಯಿಂದ ಹೊರಬರಲು ಒಂದು ತಲೆಮಾರು ದುಡಿದಿದೆ.

ಇಂಟರ್‌ನೆಟ್‌ನ ಪೂರ್ವಜ, 1970ರ ದಶಕದ ಆರ್ಪಾನೆಟ್‌ನಲ್ಲಿ ಎಲ್ಲ ಯಂತ್ರಗಳ ಹೆಸರೂ ಒಂದೇ ಕಡತದಲ್ಲಿತ್ತು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್‌ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿಸಬೇಕಾದವರು ಕಚೇರಿ ವೇಳೆಯಲ್ಲಿ ಅಲ್ಲಿಗೆ ಫೋನ್ ಮಾಡಬೇಕಿತ್ತು. ಫೈನ್‌ಲರ್ ಜೀವರಸಾಯನಶಾಸ್ತ್ರ ಓದಿದವರು. ಕೆಮಿಕಲ್ ಆ್ಯಬ್‌ಸ್ಟ್ರಾಕ್ಟ್ಸ್‌ನಲ್ಲಿ ರಾಸಾಯನಿಕಗಳ ಮಾಹಿತಿ ಜೋಡಿಸಿದ ಅನುಭವ ಅವರದು. ಎಸ್‌ಆರ್‌ಐನ ಸಂಶೋಧಕ ಡಗ್ಲಸ್ ಎಂಗಲ್‌ಬಾರ್ಟ್ 1972ರಲ್ಲಿ ಅವರನ್ನು ತಮ್ಮ ತಂಡಕ್ಕೆ ಕರೆದುಕೊಂಡರು. ಇಂದಿನ ಡಾಟ್ ಕಾಮ್, ಡಾಟ್ ಎಜು ವಿಂಗಡಣೆಯಲ್ಲೂ ಅವರ ತಂಡದ ಪಾಲಿದೆ. ಅವರ ಹೆಸರು ನಮ್ಮ ಎಂಜಿನಿಯರುಗಳಲ್ಲಿ ಎಷ್ಟು ಮಂದಿಗೆ ಗೊತ್ತು?

ಜಾಲ ಬೆಳೆದಂತೆ ಒಂದು ಕಡತ ಸಾಲದಾಯಿತು. ಆರ್ಪಾನೆಟ್ ಸಂಶೋಧಕ ಜಾನ್ ಪೋಸ್ಟೆಲ್ ವಹಿಸಿದ ಕೆಲಸವನ್ನು ಕೈಗೆತ್ತಿಕೊಂಡ ಪಾಲ್ ಮೊಕಪೆಟ್ರಿಸ್ 1983ರ ನವೆಂಬರ್‌ನಲ್ಲಿ ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಾದ ಡಿಎನ್‌ಎಸ್‌ನ ವಿನ್ಯಾಸ ಪ್ರಕಟಿಸಿದರು. ತನ್ನ ಹೆಸರುಗಳನ್ನು ತಾನೇ ಇಟ್ಟುಕೊಂಡು, ಬೇಕಾದಾಗ ಬದಲಿಸುವ ಅಧಿಕಾರ ಪ್ರತಿಯೊಂದು ಸಂಸ್ಥೆಗೂ ಸಿಕ್ಕಿದ್ದು ಹಾಗೆ. ನಮ್ಮ ಬಿಲ್ಡ್‌ಗಳು ಕೈಬಿಡುತ್ತಿರುವುದು ಆ ಅಧಿಕಾರವನ್ನೇ.

ಅದನ್ನು ಉಳಿಸಿಕೊಳ್ಳುವುದು ಕಷ್ಟವೇನಲ್ಲ. ಡಾಕರ್‌ನ ಡೀಮನ್ ಕಡತದ ಡಿಎನ್‌ಎಸ್ ಸಾಲಿನಲ್ಲಿ ಕಚೇರಿಯ ಹೆಸರು-ಸರ್ವರ್‌ನ ವಿಳಾಸ ಬರೆದು, ಡಾಕರನ್ನು ಒಮ್ಮೆ ನಿಲ್ಲಿಸಿ ಶುರುಮಾಡಿದರೆ ಸಾಕು. ಮುಂದೆ ಪ್ಯಾಕೇಜ್ ಸರ್ವರ್ ಬೇರೆ ವಿಳಾಸಕ್ಕೆ ಹೋದರೂ ಬಿಲ್ಡ್ ಆಜ್ಞೆಯ ಒಂದಕ್ಷರವನ್ನೂ ಮುಟ್ಟಬೇಕಾಗಿಲ್ಲ.