ರಕ್ತದೊತ್ತಡವೂ ಮನೆತನವೂ



ಕಳೆದ ತಿಂಗಳು ಗೊಬ್ಬರದ ಲೆಕ್ಕಕ್ಕೆಂದು ಸಂಘದ ಕಚೇರಿಗೆ ಬಂದಿದ್ದ ಹಿರಿಯ ಸದಸ್ಯರೊಬ್ಬರು, "ಬಿ.ಪಿ. ನಮ್ಮ ಮನೆತನದ ಆಸ್ತಿ ಸೆಕ್ರೆಟರಿಯವರೇ. ಅಜ್ಜನಿಗಿತ್ತು, ಅಪ್ಪನಿಗಿತ್ತು. ಮಾತ್ರೆ ನುಂಗಿ ಆಗುವುದೇನು? ಬಿಟ್ಟುಬಿಟ್ಟೆ" ಎಂದರು. ನಮ್ಮ ಎದೆ ಧಸಕ್ಕೆಂದಿತು. ನಮ್ಮ ತಂದೆಯವರೂ ಇದೇ ಮಾತು ಹೇಳುತ್ತಿದ್ದರು; ಅರುವತ್ತೊಂದರಲ್ಲಿ ಲಕ್ವ ಹೊಡೆದು ಏಳು ವರ್ಷ ಹಾಸಿಗೆ ಹಿಡಿದರು. ಆದುದರಿಂದ ಈ ಸಲ ಕೊಳೆರೋಗವನ್ನು ಬದಿಗಿಟ್ಟು ಈ ರೋಗದ ವಿಷಯ ಬರೆಯುತ್ತಿದ್ದೇವೆ.

ರಕ್ತದೊತ್ತಡ ವಂಶದಲ್ಲಿ ಹರಿದು ಬರುವುದು ನಿಜ. ಹೇಗೆ ಬರುತ್ತದೆ ಎಂಬ ಬಗ್ಗೆ 1950ರ ದಶಕದಲ್ಲಿ ಇಂಗ್ಲೆಂಡಿನ ಇಬ್ಬರು ವೈದ್ಯರಲ್ಲಿ ದೊಡ್ಡ ವಾದವೇ ನಡೆಯಿತು. ಇದು ಒಂದೇ ಜೀನಿನ ಕೆಲಸ, ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ ಎಂದವರು ರಾಬರ್ಟ್ ಪ್ಲ್ಯಾಟ್. ಹಾಗಲ್ಲ, ಮನುಷ್ಯರ ಎತ್ತರದಂತೆ ಇದೂ ಹಲವು ಕಾರಣಗಳು ಕೂಡಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚುಕಡಿಮೆಯಾಗುವ ಗುಣ ಎಂದವರು ಜಾರ್ಜ್ ಪಿಕರಿಂಗ್. ಗೆದ್ದದ್ದು ಪಿಕರಿಂಗ್. ಹತ್ತು ಲಕ್ಷಕ್ಕೂ ಮೀರಿದ ಜನರ ಮಾಹಿತಿ ಸೇರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಹೊತ್ತಿಗೆ, ಒತ್ತಡಕ್ಕೆ ಸಂಬಂಧಪಟ್ಟ ವಂಶವಾಹಿ ತಾಣಗಳ ಎಣಿಕೆ 900 ದಾಟಿತ್ತು. ಒಂದೊಂದರ ಪಾಲು ಅತ್ಯಲ್ಪ. ಹೆಚ್ಚಿನವು ಪಾದರಸವನ್ನು ಒಂದು ಮಿಲಿಮೀಟರಿನಷ್ಟೂ ಏರಿಸಲಾರವು. ಜನರ ನಡುವಣ ವ್ಯತ್ಯಾಸದಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ವಂಶದ್ದೆಂದು ಅಂದಾಜು. ಉಳಿದದ್ದು ಬಾಳಿನ ರೀತಿಯದು.

ಒಂದೇ ಜೀನಿನಿಂದ ಬರುವ ಒತ್ತಡವೂ ಉಂಟು. ಅಮೆರಿಕದ ಗ್ರಾಂಟ್ ಲಿಡ್ಲ್ 1963ರಲ್ಲಿ ವರ್ಣಿಸಿದ ಕಾಯಿಲೆ ಅಂತಹುದು. ತೀರ ಅಪರೂಪ. ಅದರಲ್ಲಿ ಮೂತ್ರಪಿಂಡವು ಉಪ್ಪನ್ನು ಹೊರಹಾಕದೆ ಹಿಡಿದಿಡುತ್ತದೆ. ಇಂತಹ ಬೇರೆ ಕಾಯಿಲೆಗಳಲ್ಲೂ ಬಹುಮಟ್ಟಿಗೆ ತಪ್ಪುವುದು ಮೂತ್ರಪಿಂಡದ ಉಪ್ಪಿನ ಲೆಕ್ಕವೇ.

ವಯಸ್ಸಾದವರಿಗೆ ಈ ಉಪ್ಪಿನ ಮಾತು ಇನ್ನೂ ಮುಖ್ಯ. ರಕ್ತನಾಳಗಳು ಹಳೆಯ ರಬ್ಬರ್ ಪೈಪಿನಂತೆ ಗಡುಸಾಗಿ, ಮೇಲಿನ ಅಂಕಿ ಏರತೊಡಗುತ್ತದೆ. ಉಪ್ಪಿಗೆ ಒತ್ತಡ ಏರುವ ಪ್ರಕೃತಿಯೂ ಹೆಚ್ಚುತ್ತದೆ. ಬ್ರೆಜಿಲಿನ ಕಾಡಿನ ಯಾನೊಮಾಮಿ ಜನ ಉಪ್ಪನ್ನು ಬಳಸುವುದೇ ಇಲ್ಲವೆನ್ನಬೇಕು. ವಯಸ್ಸಾದರೂ ಅವರ ಒತ್ತಡ ಏರುವುದಿಲ್ಲವೆಂದು 1988ರ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ ಕಂಡುಬಂತು. ನಮ್ಮಲ್ಲಾದರೋ ಮಳೆಗಾಲವೆಂದರೆ ಉಪ್ಪುನೀರಿನ ಮಾವಿನಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಹಪ್ಪಳ, ಒಣಮೀನು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಎಲ್ಲಾ ಸೇರಿ ಒಂದು ಚಹಾ ಚಮಚಕ್ಕೂ ಕಡಿಮೆ. (ಇದನ್ನು ಓದಿ ಹೇಳಿದಾಗ ನಮ್ಮ ಮನೆಯವರು ಉಪ್ಪಿನಕಾಯಿ ಭರಣಿಯತ್ತ ನೋಡಿ ನಕ್ಕರು.)

ತಾಯಿಮರ ನೋಡಿ ಅಡಿಕೆ ಬೀಜ ಆರಿಸುವ ನಮಗೆ ತಳಿಯ ಬೆಲೆ ಗೊತ್ತು. ಅದೇ ಮರದ ಸಸಿ, ಬಸಿಗಾಲುವೆ ಮುಚ್ಚಿಹೋದ ಕಡೆ ಸೊರಗುವುದೂ ಗೊತ್ತು. ತಂದೆತಾಯಿಗೆ ಒತ್ತಡವಿದ್ದರೆ ನಾವು ಬೇಗನೆ, ಮೂವತ್ತರಿಂದಲೇ, ವರ್ಷಕ್ಕೊಮ್ಮೆ ಅಳತೆ ಮಾಡಿಸಬೇಕು, ಮಕ್ಕಳಿಗೂ ಹೇಳಬೇಕು. ಒತ್ತಡ ವಂಶದಿಂದ ಬಂದದ್ದಾದರೂ ಮಾತ್ರೆ ಕೆಲಸ ಮಾಡುತ್ತದೆ. ವೈದ್ಯರನ್ನು ಕೇಳದೆ ಬಿಡಬಾರದು.

ಆ ಹಿರಿಯರನ್ನು ಅಂದೇ ಜೀಪಿನಲ್ಲಿ ವೈದ್ಯರ ಬಳಿಗೆ ಕರೆದೊಯ್ದೆವು. ಮೇಲಿನ ಅಂಕಿ 180 ದಾಟಿತ್ತು. ಈಗ ಮಾತ್ರೆ ಮತ್ತೆ ನಡೆಯುತ್ತಿದೆ.

ಅಳತೆಗೆ ಹೋಗುವವರು ಅದಕ್ಕೆ ಮೊದಲಿನ ಅರ್ಧ ಗಂಟೆ ಕಾಫಿ ಕುಡಿಯಬೇಡಿ; ಅಂಕಿ ಸ್ವಲ್ಪ ಹೊತ್ತು ಏರಿ ತೋರುತ್ತದೆ. ಕಾಫಿ ಬೆಳೆಗಾರರಾಗಿ ಇದನ್ನು ಬರೆಯಲು ನಮಗೇ ಸಂಕೋಚ. ಅಳತೆ ಮುಗಿದ ಮೇಲೆ ಧಾರಾಳವಾಗಿ ಕುಡಿಯಬಹುದು.