ಇಬ್ಬರೇ ಹೋಗಿ ಬಂದ ಮಂಗಳೂರು

ಮದುವೆ, ಮರಣ, ಆಸ್ಪತ್ರೆ. ಈ ಮೂರು ಬಿಟ್ಟು ಬೇರೆ ಕಾರಣಕ್ಕೆ ನಾವು ಗಂಡ-ಹೆಂಡತಿ ಒಟ್ಟಿಗೆ ಬಸ್ಸು ಹತ್ತಿದ್ದೇ ಇಲ್ಲ. ಬೆಳ್ತಂಗಡಿ ಕಡೆಯಿಂದ ಬಂದು ಕೊಟ್ಟೂರಿನಲ್ಲಿ ಮದ್ರಸ ಕಲಿಸಲು ತೊಡಗಿ 18 ವರ್ಷವಾಯಿತು. ಮನೆಯವರು ಹಡಗಲಿಯವರು. ತುಂಗಭದ್ರೆ ನೋಡಿ ಬೆಳೆದವರು, ಕಡಲು ನೋಡಿರಲಿಲ್ಲ. ಊರಿಗೆ ಹೋದರೂ ಬೆಳ್ತಂಗಡಿಯಿಂದಲೇ ವಾಪಸ್.

ಪ್ರಯಾಣದಲ್ಲಿ ಪ್ರವಾದಿಯವರು (ಸ) ಆಯಿಷಾ (ರ) ಅವರ ಜೊತೆ ಓಟದ ಪಂದ್ಯ ಕಟ್ಟಿದ ಹದೀಸನ್ನು ಒಮ್ಮೆ ಪಾಠ ಮಾಡುತ್ತಿದ್ದೆವು. "ಉಸ್ತಾದ್, ನೀವು ಆಪಾನ ಎಲ್ಲಿಗೆ ಕರ್ಕೊಂಡು ಹೋಗೀರಿ?" ಎಂದು ಒಬ್ಬಳು ಹುಡುಗಿ ಕೇಳಿದಳು. ನಮ್ಮ ಬಳಿ ಉತ್ತರ ಇರಲಿಲ್ಲ.

ಶುಕ್ರವಾರ ರಜೆ. ಗುರುವಾರ ಸಂಜೆ ಹರಪನಹಳ್ಳಿ ಮೇಲೆ ದಾವಣಗೆರೆಗೆ ಹೋಗಿ ರಾತ್ರಿ ಬಸ್ಸು ಹಿಡಿದೆವು. ಮಂಗಳೂರಲ್ಲಿ ಸಂಬಂಧಿಕರಿದ್ದರೂ ಯಾರಿಗೂ ಹೇಳದೆ ಲಾಡ್ಜಿನಲ್ಲಿ ಇಳಿದೆವು. ಹೇಳಿದ್ದರೆ ಪತ್ತಿರಿ, ಕೋಳಿ ಸಾರು ಉಣ್ಣುವುದರಲ್ಲೇ ಎರಡು ದಿನ ಮುಗಿಯುತ್ತಿತ್ತು.

ಜುಮಾ ಬಂದರಿನ ಝೀನತ್ ಬಕ್ಷ್ ಮಸೀದಿಯಲ್ಲಿ. ಮಾಲಿಕ್ ದೀನಾರ್ ಅವರ ತಂಡದ ಕಾಲದ್ದೆಂಬ ಹೇಳಿಕೆ ಇದೆ. ಟಿಪ್ಪು ಸುಲ್ತಾನರು ನವೀಕರಿಸಿ ಮಗಳ ಹೆಸರಿಟ್ಟರಂತೆ. ಕೆತ್ತನೆಯ ಮರದ ಕಂಬಗಳನ್ನು ನೋಡುತ್ತಾ ಕೂತರೆ ಏಳಲು ಮನಸ್ಸಾಗದು. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ, ಇಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದೂ ಪರ್ಷಿಯಾ, ಯಮನ್ ವರ್ತಕರು ಇಳಿಯುತ್ತಿದ್ದರೆಂದೂ ಬರೆದಿದ್ದಾನೆ. ಆಗಿನ ಖಾಝಿ ಬದ್ರುದ್ದೀನ್ ಮಅಬರಿ ಶಾಫಿಈ ವಿದ್ವಾಂಸರು, ಪಾಠ ಹೇಳುತ್ತಿದ್ದವರು. ಲಾಡ್ಜಿಗೆ ಬಂದು ಇದನ್ನು ಹೇಳಿದರೆ ಮನೆಯವರು, "ಹಂಗಂದ್ರ ಅವರೂ ನಿಮ್ಮಂಗ ಉಸ್ತಾದ್ರು. ಮನೆಯವರನ್ನ ಕರ್ಕೊಂಡು ಅಡ್ಡಾಡ್ತಿದ್ರೇನು?" ಅಂದರು.

ಅಸರ್ ಬಾಂಗು ಕೇಳಿದಾಗ "ಇಷ್ಟು ಬೇಗನಾ?" ಎಂದರು. ಹಡಗಲಿಯ ಹನಫಿ ಮಸೀದಿಗಳಲ್ಲಿ ಅಸರ್ ತಡ, ಕರಾವಳಿಯಲ್ಲಿ ಬೇಗ. ನಮಾಝ್ ಮುಗಿಸಿ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದೆವು. ಗುರುಪುರ ನದಿಯೊಳಗೆ ಯುದ್ಧದ ಹಡಗು ನುಗ್ಗದಂತೆ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು ಅದು. ಅಲ್ಲಿಂದ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿ. ಎದುರಿಗೆ ಕಡಲು.

ಮನೆಯವರು ಚಪ್ಪಲಿ ಕೈಯಲ್ಲಿ ಹಿಡಿದು ನೀರಂಚಿನಲ್ಲಿ ಸುಮ್ಮನೆ ನಿಂತರು. ಆಮೇಲೆ ಕೇಳಿದರು: "ಇಂಥ ಸೀಮೆ ಬಿಟ್ಟು ನಮ್ಮ ಬಯಲಾಗ ಇಷ್ಟು ವರ್ಷ ಹೆಂಗಿದ್ರೀ?"

18 ವರ್ಷದಲ್ಲಿ ಯಾರೂ ಕೇಳದ ಮಾತು. ಮನೆಯ ಗಲಾಟೆಯಲ್ಲಿ ಕೇಳಲು ಅವರಿಗೆ ಹೊತ್ತೆಲ್ಲಿತ್ತು? ತವರು ಬಿಟ್ಟ ಅವರಿಗೆ ಹೇಗಿತ್ತೆಂದು ನಾವೂ ಕೇಳಿರಲಿಲ್ಲ. ಕತ್ತಲಾಗುವವರೆಗೆ ಮಾತಾಡಿದೆವು.

ಮರುದಿನ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಂಡೆವು. ನಮ್ಮಲ್ಲಿ ಮೊಳದ ಲೆಕ್ಕ, ಇಲ್ಲಿ ಚೆಂಡಿನ ಲೆಕ್ಕ. ಮೂಸಿ ನೋಡಿ, "ನಮ್ಮ ಹಡಗಲಿದೇ ಮೇಲು" ಎಂದರು!

ವಿಷಯ ತಿಳಿದ ಸಂಬಂಧಿಕರು ಫೋನ್ ಮಾಡಿ ಬೈದರು. ಬೈಯಲಿ. ಓದುಗರೇ, ಮದುವೆ ಕಾಗದ ಬರುವವರೆಗೆ ಕಾಯಬೇಡಿ. ದೂರ ಬೇಕಿಲ್ಲ, ಎರಡು ದಿನ ಸಾಕು, ಇಬ್ಬರೇ ಹೋಗಿ ಬನ್ನಿ.

ಭಾನುವಾರ ಮದ್ರಸಕ್ಕೆ ಹೋದವರು ಮೊದಲು ಆ ಹುಡುಗಿಗೆ ಉತ್ತರ ಹೇಳಿದೆವು.